ಐವತ್ತರಲ್ಲೂ ಮೈದಾನ ಬಿಡದ ಸರ್ ಸ್ಟ್ಯಾನ್ಲಿ ಮ್ಯಾಥ್ಯೂಸ್

1965ರ ಫೆಬ್ರವರಿ 6, ಶನಿವಾರ. ಇಂಗ್ಲೆಂಡಿನ ಸ್ಟೋಕ್ ನಗರದ ವಿಕ್ಟೋರಿಯಾ ಮೈದಾನದಲ್ಲಿ ಸ್ಟೋಕ್ ಸಿಟಿ ಮತ್ತು ಫುಲ್‌ಹ್ಯಾಮ್ ತಂಡಗಳ ನಡುವೆ ದೇಶದ ಅತ್ಯುನ್ನತ ದರ್ಜೆಯ ಲೀಗ್ ಪಂದ್ಯ ನಡೆಯಿತು. ಸ್ಟೋಕ್ ತಂಡ 3-1ರಿಂದ ಗೆದ್ದಿತು. ಆ ದಿನ ಸ್ಟೋಕ್ ತಂಡದ ಬಲಬದಿಯಲ್ಲಿ ಆಡಿದ ವ್ಯಕ್ತಿಗೆ ಐದು ದಿನಗಳ ಹಿಂದಷ್ಟೇ 50 ವರ್ಷ ತುಂಬಿತ್ತು. ಆತ ಅತಿಥಿಯಾಗಿ ಬಂದವರಲ್ಲ, ಪ್ರದರ್ಶನ ಪಂದ್ಯಕ್ಕಾಗಿ ಬಂದವರೂ ಅಲ್ಲ. ಅದು ಅಂಕಗಳಿಗಾಗಿ ನಡೆದ ನಿಜವಾದ ಪಂದ್ಯ. ಅವರೇ ಸರ್ ಸ್ಟ್ಯಾನ್ಲಿ ಮ್ಯಾಥ್ಯೂಸ್.

ಫುಟ್ಬಾಲ್ ಆಟಗಾರನಿಗೆ ಮೂವತ್ತೈದು ದಾಟಿದರೆ ಮುಗಿಯಿತು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಮ್ಯಾಥ್ಯೂಸರ ಬದುಕಿನ ದೊಡ್ಡ ಸಾಧನೆಗಳು ನಡೆದದ್ದೆಲ್ಲ ಆ ವಯಸ್ಸು ದಾಟಿದ ಮೇಲೆಯೇ. 38ರಲ್ಲಿ ಎಫ್.ಎ. ಕಪ್, 41ರಲ್ಲಿ ಯುರೋಪಿನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ, 48ರಲ್ಲಿ ಲೀಗ್ ಪದಕ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕ್ಷೌರಿಕನ ಮಗ

ಸ್ಟ್ಯಾನ್ಲಿ ಮ್ಯಾಥ್ಯೂಸ್ ಜನಿಸಿದ್ದು 1915ರ ಫೆಬ್ರವರಿ 1ರಂದು, ಸ್ಟೋಕ್ ಪ್ರದೇಶದ ಹ್ಯಾನ್ಲಿ ಎಂಬಲ್ಲಿ. ಪಿಂಗಾಣಿ ಪಾತ್ರೆಗಳ ಕಾರ್ಖಾನೆಗಳಿಗೂ ಕಲ್ಲಿದ್ದಲ ಗಣಿಗಳಿಗೂ ಹೆಸರಾದ, ಹೊಗೆ ತುಂಬಿದ ದುಡಿಯುವ ಜನರ ಊರದು. ತಂದೆ ಜ್ಯಾಕ್ ಮ್ಯಾಥ್ಯೂಸ್ ವೃತ್ತಿಯಿಂದ ಕ್ಷೌರಿಕರು, ಜೊತೆಗೆ ಬಾಕ್ಸಿಂಗ್ ಪಟು. ಹ್ಯಾನ್ಲಿಯ ಕಾದಾಡುವ ಕ್ಷೌರಿಕ ಎಂದೇ ಊರಿನವರು ಅವರನ್ನು ಕರೆಯುತ್ತಿದ್ದರು. ನಾಲ್ವರು ಗಂಡುಮಕ್ಕಳಲ್ಲಿ ಸ್ಟ್ಯಾನ್ಲಿ ಮೂರನೆಯವರು.

ತಂದೆಗೆ ಮಗನನ್ನು ಬಾಕ್ಸರ್ ಮಾಡುವ ಆಸೆ. ಬೆಳಿಗ್ಗೆ ಬೇಗನೆ ಮಕ್ಕಳನ್ನು ಎಬ್ಬಿಸಿ ಉಸಿರಾಟದ ಅಭ್ಯಾಸ, ಕಸರತ್ತು ಮಾಡಿಸುತ್ತಿದ್ದರು. ಚಳಿಯಿರಲಿ, ಮಳೆಯಿರಲಿ, ಅದಕ್ಕೆ ರಜೆ ಇರಲಿಲ್ಲ. ಸ್ಟ್ಯಾನ್ಲಿಗೆ ಮಾತ್ರ ಒಲವಿದ್ದದ್ದು ಚೆಂಡಿನ ಮೇಲೆ. ಶಾಲಾ ಬಾಲಕರ ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾದರೆ ಫುಟ್ಬಾಲ್ ಆಡಲು ಬಿಡುವೆನೆಂದು ತಂದೆ ಒಪ್ಪಿಕೊಂಡರು. 1929ರಲ್ಲಿ, 14ನೇ ವಯಸ್ಸಿನಲ್ಲಿ, ಆ ಆಯ್ಕೆಯೂ ಆಯಿತು. ತಂದೆ ಮಾತಿಗೆ ತಪ್ಪಲಿಲ್ಲ. ಬಾಕ್ಸಿಂಗ್ ಕೈಬಿಟ್ಟರೂ ಮುಂಜಾನೆಯ ಅಭ್ಯಾಸ ಕೈಬಿಡಲಿಲ್ಲ. ಮಗನ ಮುಂದಿನ ಐವತ್ತು ವರ್ಷಗಳ ಬದುಕಿಗೆ ಈ ಅಭ್ಯಾಸವೇ ತಳಹದಿಯಾಯಿತು ಎಂದರೆ ಅತಿಶಯೋಕ್ತಿಯಲ್ಲ.

15ನೇ ವಯಸ್ಸಿನಲ್ಲಿ ಸ್ಟೋಕ್ ಸಿಟಿ ಕ್ಲಬ್ಬಿನ ಕಚೇರಿಯಲ್ಲಿ ಸಣ್ಣ ಕೆಲಸಕ್ಕೆ ಸೇರಿದರು. ವಾರಕ್ಕೆ 1 ಪೌಂಡ್ ಸಂಬಳ. 17 ತುಂಬಿದ ದಿನವೇ, 1932ರ ಫೆಬ್ರವರಿ 1ರಂದು, ವೃತ್ತಿಪರ ಆಟಗಾರನಾಗಿ ಸಹಿ ಹಾಕಿದರು. ಮುಂದಿನ ತಿಂಗಳಲ್ಲೇ ಬರಿ ತಂಡದ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿದರು. 1933ರಲ್ಲಿ ಸ್ಟೋಕ್ ತಂಡ ಎರಡನೇ ದರ್ಜೆಯ ಲೀಗ್ ಗೆದ್ದಾಗ ಯುವಕ ಮ್ಯಾಥ್ಯೂಸರೂ ಆ ತಂಡದಲ್ಲಿದ್ದರು. 1934ರ ಸೆಪ್ಟೆಂಬರ್ 29ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಇಂಗ್ಲೆಂಡ್ ಪರ ಮೊದಲ ಪಂದ್ಯ ಆಡಿ ಗೋಲನ್ನೂ ಹೊಡೆದರು. ಅದೇ ವರ್ಷ ಕ್ಲಬ್ಬಿನ ತರಬೇತುದಾರರ ಮಗಳು ಬೆಟ್ಟಿಯವರೊಂದಿಗೆ ವಿವಾಹವಾಯಿತು.

ಆಟದ ಬಗೆ

ಮ್ಯಾಥ್ಯೂಸ್ ಆಡುತ್ತಿದ್ದದ್ದು ಬಲಬದಿಯ ವಿಂಗರ್ ಸ್ಥಾನದಲ್ಲಿ. ಮೈದಾನದ ಅಂಚಿನ ಗೆರೆಯ ಪಕ್ಕ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವರಂತೆ ನಿಧಾನವಾಗಿ ಎದುರಾಳಿ ಬ್ಯಾಕ್ ಆಟಗಾರನ ಬಳಿಗೆ ಹೋಗುತ್ತಿದ್ದರು. ದೇಹವನ್ನು ಎಡಕ್ಕೆ ವಾಲಿಸುತ್ತಿದ್ದರು. ಎದುರಾಳಿ ಆ ಕಡೆ ವಾಲಿದ ಕ್ಷಣದಲ್ಲೇ ಬಲಕ್ಕೆ ಚಿಮ್ಮಿ ಮುಂದೆ ಹೋಗಿಬಿಡುತ್ತಿದ್ದರು. ಹೀಗೆಯೇ ಮಾಡುತ್ತಾರೆಂದು ದೇಶಕ್ಕೇ ಗೊತ್ತಿತ್ತು, ಎದುರಿಗಿದ್ದವನಿಗೂ ಗೊತ್ತಿತ್ತು. ಆದರೂ ತಡೆಯಲಾಗುತ್ತಿರಲಿಲ್ಲ. ಏಕೆಂದರೆ ಗುಟ್ಟು ಇದ್ದದ್ದು ಮೊದಲ ಐದಾರು ಹೆಜ್ಜೆಗಳ ವೇಗದಲ್ಲಿ. ಆ ವೇಗವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಅವರು ತಮ್ಮ ಇಡೀ ದಿನಚರಿಯನ್ನು ರೂಪಿಸಿಕೊಂಡರು.

ಗೋಲು ಹೊಡೆಯುವುದಕ್ಕಿಂತ ಹೊಡೆಸುವುದು ಅವರ ಕೆಲಸವಾಗಿತ್ತು. ಬ್ಲ್ಯಾಕ್‌ಪೂಲ್ ಪರ ಆಡಿದ 379 ಲೀಗ್ ಪಂದ್ಯಗಳಲ್ಲಿ ಅವರದು ಕೇವಲ 17 ಗೋಲು. ಆದರೆ ಅವರು ಕೊಟ್ಟ ಚೆಂಡಿನಿಂದ ಇತರರು ಹೊಡೆದ ಗೋಲುಗಳು ಅದೆಷ್ಟೋ. ಇನ್ನೊಂದು ಮಾತನ್ನು ನಾವು ವಿಶೇಷವಾಗಿ ಗಮನಿಸಬೇಕು. 33 ವರ್ಷಗಳ ವೃತ್ತಿಯಲ್ಲಿ ಅವರನ್ನು ಒಮ್ಮೆಯೂ ರೆಫರಿ ಮೈದಾನದಿಂದ ಹೊರಗೆ ಕಳುಹಿಸಲಿಲ್ಲ, ಒಮ್ಮೆಯೂ ಅವರ ಹೆಸರು ಬರೆದುಕೊಳ್ಳಲಿಲ್ಲ. ಕಾಲಿಗೆ ಒದ್ದು ಬೀಳಿಸಿದವರ ಮೇಲೆ ಅವರು ಸೇಡು ತೀರಿಸಿಕೊಳ್ಳುತ್ತಿರಲಿಲ್ಲ. ಎದ್ದು ನಿಂತು ಮತ್ತೆ ಚೆಂಡು ಕೇಳುತ್ತಿದ್ದರು.

ಕಾಣದ ದುಡಿಮೆ

ಜನರು ನೋಡಿದ್ದು ಶನಿವಾರದ ತೊಂಬತ್ತು ನಿಮಿಷಗಳನ್ನು ಮಾತ್ರ. ಉಳಿದ ದಿನಗಳಲ್ಲಿ ಮ್ಯಾಥ್ಯೂಸ್ ನಸುಕಿನಲ್ಲೇ ಎದ್ದು ತಾವೊಬ್ಬರೇ ಅಭ್ಯಾಸಕ್ಕೆ ಹೊರಡುತ್ತಿದ್ದರು. ಬ್ಲ್ಯಾಕ್‌ಪೂಲಿನಲ್ಲಿದ್ದಾಗ ಸಮುದ್ರ ದಂಡೆಯೇ ಅವರ ಮೈದಾನ. ಮರಳಿನ ಮೇಲೆ ಓಡುವುದು ಎಷ್ಟು ಕಷ್ಟವೆಂದು ಕರಾವಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಹಳ ದೂರ ಓಡಿ ದಣಿಯುವ ಬದಲು ಚಿಕ್ಕ ಅಂತರದ ವೇಗದ ಓಟವನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು. ಪಂದ್ಯದಲ್ಲಿ ಬೇಕಾದದ್ದು ಅದೇ ಆಗಿತ್ತು. ಇದಾದ ಮೇಲೆ ಕ್ಲಬ್ಬಿನಲ್ಲಿ ತಂಡದೊಂದಿಗೆ ಮತ್ತೆ ತರಬೇತಿ.

ಆಹಾರದಲ್ಲೂ ಅವರು ತಮ್ಮ ಕಾಲಕ್ಕಿಂತ ಮುಂದಿದ್ದರು. ಪಂದ್ಯ ಮುಗಿದೊಡನೆ ಬೀರು, ಸಿಗರೇಟು ಎಂಬುದು ಅಂದಿನ ಇಂಗ್ಲಿಷ್ ಆಟಗಾರರ ರೂಢಿ. ಮ್ಯಾಥ್ಯೂಸ್ ಮದ್ಯ ಮುಟ್ಟುತ್ತಿರಲಿಲ್ಲ, ಧೂಮಪಾನವನ್ನೂ ಮಾಡುತ್ತಿರಲಿಲ್ಲ. ತರಕಾರಿ, ಹಣ್ಣು, ಹಣ್ಣಿನ ರಸವೇ ಹೆಚ್ಚು. ವಾರಕ್ಕೊಮ್ಮೆ, ಸೋಮವಾರ, ಉಪವಾಸ ಮಾಡುತ್ತಿದ್ದರು. 1950ರ ವಿಶ್ವಕಪ್‌ಗೆ ಬ್ರೆಜಿಲ್‌ಗೆ ಹೋದಾಗ ಅಲ್ಲಿಯವರು ತೊಡುವ ಹಗುರ ಬೂಟುಗಳನ್ನು ಕಂಡರು. ಅಂದಿನ ಇಂಗ್ಲಿಷ್ ಬೂಟುಗಳು ಕಣಕಾಲು ಮುಚ್ಚುವ, ದಪ್ಪ ಚರ್ಮದ, ಭಾರವಾದ ಬೂಟುಗಳು. ಊರಿಗೆ ಮರಳಿ ಸಹಕಾರಿ ಸಂಘದ ಕಾರ್ಖಾನೆಯಲ್ಲಿ ತಮಗಾಗಿ ಹಗುರ ಬೂಟು ಮಾಡಿಸಿಕೊಂಡರು. 35 ದಾಟಿದ ಮೇಲೂ ಹೊಸದನ್ನು ಕಲಿಯುವ ಮನಸ್ಸು ಅವರಲ್ಲಿತ್ತು.

ಹಾಗೆಂದು ಅವರನ್ನು ಕುಂದಿಲ್ಲದ ಮನುಷ್ಯನೆಂದು ಬಣ್ಣಿಸುವುದು ಸರಿಯಲ್ಲ. ತಾವು ಸೇದದಿದ್ದರೂ 1950ರ ದಶಕದಲ್ಲಿ ಒಂದು ಸಿಗರೇಟಿನ ಜಾಹೀರಾತಿಗೆ ಅವರು ತಮ್ಮ ಮುಖ ಕೊಟ್ಟಿದ್ದರು. ಇದನ್ನು ಅರ್ಥಮಾಡಿಕೊಳ್ಳಲು ಅಂದಿನ ಸಂಬಳದ ಲೆಕ್ಕ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಆಟಗಾರರಿಗೆ ಇಷ್ಟಕ್ಕಿಂತ ಹೆಚ್ಚು ಕೊಡಕೂಡದು ಎಂಬ ಗರಿಷ್ಠ ವೇತನದ ನಿಯಮವಿತ್ತು. 1961ರಲ್ಲಿ ಅದು ರದ್ದಾಗುವಾಗಲೂ ಮಿತಿ ವಾರಕ್ಕೆ 20 ಪೌಂಡ್ ಮಾತ್ರ. ದೇಶದ ಅತಿ ದೊಡ್ಡ ಆಟಗಾರನಿಗೂ ಪಕ್ಕದಲ್ಲಿ ಆಡುವ ಸಾಮಾನ್ಯ ಆಟಗಾರನಿಗೂ ಒಂದೇ ಮಿತಿ. ಸಂಸಾರ ನಡೆಸಲು ಮ್ಯಾಥ್ಯೂಸ್ ದಂಪತಿ ಬ್ಲ್ಯಾಕ್‌ಪೂಲಿನಲ್ಲಿ ಸಣ್ಣ ಹೋಟೆಲೊಂದನ್ನೂ ನಡೆಸಿದರು. ಆದುದರಿಂದ ಆ ಮುಂಜಾನೆಯ ಓಟಗಳು ಹೆಚ್ಚು ಸಂಬಳಕ್ಕಾಗಿ ಮಾಡಿದವಲ್ಲ. ಎಷ್ಟು ಓಡಿದರೂ ಸಂಬಳ ಏರುವಂತಿರಲಿಲ್ಲ. ಕೈಯಲ್ಲಿರುವ ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬ ಹಟವೇ ಅವರನ್ನು ಎಬ್ಬಿಸುತ್ತಿತ್ತು ಎಂದು ನಾವು ಭಾವಿಸುತ್ತೇವೆ.

ಮುಗಿಯಿತು ಎಂದವರ ನಡುವೆ

ಮ್ಯಾಥ್ಯೂಸರ ಹಾದಿ ಸುಗಮವಾಗಿರಲಿಲ್ಲ. 1938ರಲ್ಲಿ ಸ್ಟೋಕ್ ಬಿಡುವುದಾಗಿ ಕೇಳಿಕೊಂಡಾಗ ಊರಿನ ಸಾವಿರಾರು ಜನ ಸಭೆ ಸೇರಿ ಪ್ರತಿಭಟಿಸಿದರು. ಅವರು ಉಳಿದುಕೊಂಡರು. ಅದೇ ವರ್ಷ ಮೇ 14ರಂದು ಬರ್ಲಿನ್‌ನಲ್ಲಿ ಜರ್ಮನಿಯ ವಿರುದ್ಧ ಇಂಗ್ಲೆಂಡ್ 6-3ರಿಂದ ಗೆದ್ದಿತು, ಮ್ಯಾಥ್ಯೂಸರೂ ಒಂದು ಗೋಲು ಹೊಡೆದರು. ಆದರೆ ಪಂದ್ಯಕ್ಕೆ ಮುನ್ನ ಮೇಲಿನವರ ಒತ್ತಡಕ್ಕೆ ಮಣಿದು ಇಂಗ್ಲೆಂಡಿನ ಆಟಗಾರರೆಲ್ಲ ನಾಜಿ ವಂದನೆ ಸಲ್ಲಿಸಬೇಕಾಯಿತು. ಆ ಗೆಲುವಿಗಿಂತ ಹೆಚ್ಚಾಗಿ ಈ ವಂದನೆಯನ್ನೇ ಇತಿಹಾಸ ನೆನಪಿಟ್ಟುಕೊಂಡಿದೆ.

ಮರುವರ್ಷ ಎರಡನೇ ಮಹಾಯುದ್ಧ ಬಂತು. ಲೀಗ್ ನಿಂತಿತು. 24ರಿಂದ 31ರವರೆಗೆ, ಆಟಗಾರನ ಉತ್ತಮ ವರ್ಷಗಳೆನಿಸುವ ಕಾಲದಲ್ಲಿ, ಮ್ಯಾಥ್ಯೂಸ್ ವಾಯುಪಡೆಯ ಸೇವೆಯಲ್ಲಿದ್ದರು. ಬ್ಲ್ಯಾಕ್‌ಪೂಲಿನ ಬಳಿ ಅವರನ್ನು ನೇಮಿಸಲಾಗಿತ್ತು. ಯುದ್ಧಕಾಲದಲ್ಲಿ ಪಂದ್ಯಗಳನ್ನು ಆಡಿದರೂ ಅವು ಅಧಿಕೃತ ಲೆಕ್ಕಕ್ಕೆ ಸೇರಲಿಲ್ಲ. 1946ರ ಮಾರ್ಚ್ 9ರಂದು ಬೋಲ್ಟನ್‌ನ ಬರ್ಂಡನ್ ಪಾರ್ಕ್‌ನಲ್ಲಿ ಸ್ಟೋಕ್ ತಂಡ ಆಡುತ್ತಿದ್ದಾಗ ಜನಸಂದಣಿಯ ಕಾಲ್ತುಳಿತಕ್ಕೆ ಸಿಲುಕಿ 33 ಮಂದಿ ಪ್ರಾಣ ಕಳೆದುಕೊಂಡರು. ಆ ದಿನ ಮ್ಯಾಥ್ಯೂಸ್ ಮೈದಾನದಲ್ಲಿದ್ದರು.

1947ರಲ್ಲಿ ಸ್ಟೋಕ್ ತಂಡ ಲೀಗ್ ಗೆಲ್ಲುವ ಹಂತಕ್ಕೆ ಬಂದಿತ್ತು. ಆದರೆ ಮ್ಯಾಥ್ಯೂಸ್ ಮತ್ತು ಮ್ಯಾನೇಜರರ ನಡುವೆ ಸರಿಹೋಗುತ್ತಿರಲಿಲ್ಲ. ಕೆಲವೇ ಪಂದ್ಯಗಳು ಬಾಕಿಯಿರುವಾಗ, ಆ ಮೇ ತಿಂಗಳಲ್ಲಿ, 11,500 ಪೌಂಡಿಗೆ ಅವರನ್ನು ಬ್ಲ್ಯಾಕ್‌ಪೂಲಿಗೆ ಕೊಟ್ಟುಬಿಟ್ಟರು. ಸ್ಟೋಕ್ ಕೊನೆಯ ಪಂದ್ಯ ಸೋತು ಎರಡು ಅಂಕಗಳಿಂದ ಪ್ರಶಸ್ತಿ ಕಳೆದುಕೊಂಡಿತು. ಆಗ ಮ್ಯಾಥ್ಯೂಸರಿಗೆ 32. ಇನ್ನೆರಡು ವರ್ಷ ಆಡಬಹುದೇ ಎಂದು ಹೊಸ ಮ್ಯಾನೇಜರ್ ಜೋ ಸ್ಮಿತ್ ಅವರೇ ವಿಚಾರಿಸಿದ್ದರಂತೆ. ಮ್ಯಾಥ್ಯೂಸ್ ಅಲ್ಲಿ ಆಡಿದ್ದು 14 ವರ್ಷ!

ದೇಶದ ತಂಡದ ಆಯ್ಕೆದಾರರೂ ಅವರನ್ನು ಮತ್ತೆ ಮತ್ತೆ ಕೈಬಿಡುತ್ತಿದ್ದರು. ಒಬ್ಬರೇ ಚೆಂಡಿಟ್ಟುಕೊಂಡು ಆಡುತ್ತಾರೆ ಎಂಬ ದೂರು ಒಮ್ಮೆ, ವಯಸ್ಸಾಯಿತು ಎಂಬ ದೂರು ಇನ್ನೊಮ್ಮೆ. 23 ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದು 54 ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳು ಮಾತ್ರ. ಪ್ರತಿ ಬಾರಿ ಕೈಬಿಟ್ಟಾಗಲೂ ಅವರು ಮರುದಿನದ ಮುಂಜಾನೆ ಎಂದಿನಂತೆ ಸಮುದ್ರ ದಂಡೆಗೆ ಹೋದರು.

ಮೂರನೇ ಸಲದ ಕಪ್

ಇಂಗ್ಲೆಂಡಿನಲ್ಲಿ ಎಫ್.ಎ. ಕಪ್ ಎಂದರೆ ಎಲ್ಲರೂ ಹಂಬಲಿಸುವ ಪ್ರಶಸ್ತಿ. ಒಂದು ದಿನ ಕಪ್ ಪದಕ ಗೆಲ್ಲಬೇಕೆಂದು ತಂದೆ ತೀರಿಕೊಳ್ಳುವ ಮುನ್ನ ಮಗನಿಂದ ಮಾತು ಪಡೆದಿದ್ದರು. 1948ರಲ್ಲಿ ಬ್ಲ್ಯಾಕ್‌ಪೂಲ್ ಫೈನಲ್ ತಲುಪಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 4-2ರಿಂದ ಸೋತಿತು. 1951ರಲ್ಲಿ ಮತ್ತೆ ಫೈನಲ್, ನ್ಯೂಕ್ಯಾಸಲ್‌ಗೆ 2-0ರಿಂದ ಸೋಲು. 1953ರಲ್ಲಿ ಮೂರನೇ ಅವಕಾಶ ಬಂದಾಗ ಮ್ಯಾಥ್ಯೂಸರಿಗೆ 38. ಇದೇ ಕೊನೆಯದೆಂದು ಎಲ್ಲರೂ ಅಂದುಕೊಂಡಿದ್ದರು.

1953ರ ಮೇ 2ರಂದು ವೆಂಬ್ಲಿಯಲ್ಲಿ ರಾಣಿ ಎಲಿಜಬೆತ್ ಅವರ ಮುಂದೆ ಪಂದ್ಯ ನಡೆಯಿತು. ಎದುರಾಳಿ ಬೋಲ್ಟನ್. ದ್ವಿತೀಯಾರ್ಧದ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬ್ಲ್ಯಾಕ್‌ಪೂಲ್ 1-3ರ ಹಿನ್ನಡೆಯಲ್ಲಿತ್ತು. ಆಗ ಮ್ಯಾಥ್ಯೂಸ್ ಬಲಬದಿಯಲ್ಲಿ ಓಡತೊಡಗಿದರು. ಬೋಲ್ಟನ್‌ನ ಎಡಬದಿಯ ಆಟಗಾರರಲ್ಲಿ ಒಬ್ಬರಿಗೆ ಗಾಯ, ಇನ್ನೊಬ್ಬರಿಗೆ ಕಾಲು ಸೆಳೆತ. ಆ ಕಾಲದಲ್ಲಿ ಬದಲಿ ಆಟಗಾರರನ್ನು ಇಳಿಸುವಂತಿರಲಿಲ್ಲ. ಎದುರಾಳಿಗಳು ದಣಿದು ಕುಂಟುತ್ತಿರುವಾಗ ತಂಡದ ಅತಿ ಹಿರಿಯನಾದ ಮ್ಯಾಥ್ಯೂಸರ ಕಾಲುಗಳಲ್ಲಿ ಇನ್ನೂ ಓಟ ಉಳಿದಿತ್ತು. ಮರಳಿನ ಮೇಲೆ ಕಳೆದ ಮುಂಜಾನೆಗಳು ಆ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಫಲ ಕೊಟ್ಟವು. ಅವರ ಕ್ರಾಸ್‌ನಿಂದ ಸ್ಟ್ಯಾನ್ ಮಾರ್ಟೆನ್ಸನ್ ಒಂದು ಗೋಲು ಹೊಡೆದರು. ಅವಧಿ ಮುಗಿಯುತ್ತ ಬಂದಾಗ ಮಾರ್ಟೆನ್ಸನ್ ಅವರ ಫ್ರೀಕಿಕ್‌ನಿಂದ 3-3. ಹೆಚ್ಚುವರಿ ಕ್ಷಣಗಳಲ್ಲಿ ಮ್ಯಾಥ್ಯೂಸ್ ಬಲಬದಿಯಿಂದ ನುಗ್ಗಿ ಹಿಂದಕ್ಕೆ ಕೊಟ್ಟ ಚೆಂಡನ್ನು ಬಿಲ್ ಪೆರಿ ಗೋಲಿಗೆ ಸೇರಿಸಿದರು. 4-3!

ಆ ಫೈನಲ್ ಇಂದಿಗೂ ಮ್ಯಾಥ್ಯೂಸ್ ಫೈನಲ್ ಎಂದೇ ಪ್ರಸಿದ್ಧ. ಅದು ಸ್ವತಃ ಮ್ಯಾಥ್ಯೂಸರಿಗೆ ಇಷ್ಟವಿರಲಿಲ್ಲ. ಮೂರು ಗೋಲು ಹೊಡೆದ ಮಾರ್ಟೆನ್ಸನ್ ಹೆಸರಿನಲ್ಲೇ ಆ ಪಂದ್ಯವನ್ನು ಕರೆಯಬೇಕೆಂಬುದು ಅವರ ಅಭಿಪ್ರಾಯವಾಗಿತ್ತು.

1956ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಬ್ರೆಜಿಲ್ಲನ್ನು 4-2ರಿಂದ ಸೋಲಿಸಿತು. ಜಗತ್ತಿನ ಶ್ರೇಷ್ಠ ರಕ್ಷಣಾ ಆಟಗಾರರಲ್ಲಿ ಒಬ್ಬರೆನಿಸಿದ ನಿಲ್ಟನ್ ಸ್ಯಾಂಟೋಸ್ 41ರ ಮ್ಯಾಥ್ಯೂಸರನ್ನು ತಡೆಯಲು ಹೆಣಗಾಡಿದರು. ಆ ವರ್ಷ ಮೊದಲ ಬಾರಿಗೆ ಕೊಡಲಾದ ಬ್ಯಾಲನ್ ಡಿ'ಓರ್ ಪ್ರಶಸ್ತಿ ಮ್ಯಾಥ್ಯೂಸರಿಗೆ ಬಂತು. ರಿಯಲ್ ಮ್ಯಾಡ್ರಿಡ್‌ನ ಡಿ ಸ್ಟೆಫಾನೋ ಅವರಿಗೆ 44 ಅಂಕ, ಮ್ಯಾಥ್ಯೂಸರಿಗೆ 47. ಅಷ್ಟು ವಯಸ್ಸಿನಲ್ಲಿ ಆ ಪ್ರಶಸ್ತಿ ಪಡೆದವರು ಇಂದಿಗೂ ಬೇರೊಬ್ಬರಿಲ್ಲ. 1957ರ ಮೇ 15ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಇಂಗ್ಲೆಂಡ್ ಪರ ಕೊನೆಯ ಪಂದ್ಯ ಆಡಿದಾಗ ಅವರಿಗೆ 42.

ಮರಳಿ ಊರಿಗೆ

1961ರಲ್ಲಿ ಸ್ಟೋಕ್ ಸಿಟಿ ಎರಡನೇ ದರ್ಜೆಯ ಕೆಳಭಾಗದಲ್ಲಿ ಒದ್ದಾಡುತ್ತಿತ್ತು. ಮ್ಯಾನೇಜರ್ ಟೋನಿ ವ್ಯಾಡಿಂಗ್ಟನ್ 46 ವರ್ಷದ ಮ್ಯಾಥ್ಯೂಸರನ್ನು ಊರಿಗೆ ಕರೆತಂದರು. ಅದಕ್ಕೆ ಹಿಂದಿನ ತವರಿನ ಪಂದ್ಯಕ್ಕೆ ಬಂದಿದ್ದವರು ಸುಮಾರು 8,400 ಮಂದಿ. ಅಕ್ಟೋಬರ್ 28ರಂದು ಹಡರ್ಸ್‌ಫೀಲ್ಡ್ ವಿರುದ್ಧ ಮ್ಯಾಥ್ಯೂಸ್ ಆಡಿದ ದಿನ ಸುಮಾರು 36,000! 1963ರಲ್ಲಿ ಸ್ಟೋಕ್ ಎರಡನೇ ದರ್ಜೆಯ ಲೀಗ್ ಗೆದ್ದು ಮೇಲೇರಿತು. ಬಡ್ತಿ ಖಚಿತಪಡಿಸಿದ ಲೂಟನ್ ವಿರುದ್ಧದ ಪಂದ್ಯದಲ್ಲಿ 48ರ ಮ್ಯಾಥ್ಯೂಸ್ ಗೋಲು ಹೊಡೆದರು. ಅದೇ ಕ್ಲಬ್, ಅದೇ ದರ್ಜೆ, ಅದೇ ಪದಕ. ನಡುವೆ ಮೂವತ್ತು ವರ್ಷ. ಫುಟ್ಬಾಲ್ ಬರಹಗಾರರ ಸಂಘದ ವರ್ಷದ ಆಟಗಾರ ಪ್ರಶಸ್ತಿಯನ್ನು 1948ರಲ್ಲಿ ಮೊಟ್ಟಮೊದಲು ಪಡೆದವರು ಅವರೇ. 1963ರಲ್ಲಿ ಅದು ಅವರಿಗೆ ಎರಡನೇ ಬಾರಿ ಬಂತು.

1965ರ ಹೊಸವರ್ಷದ ಗೌರವ ಪಟ್ಟಿಯಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಇನ್ನೂ ಆಡುತ್ತಿರುವಾಗಲೇ ಈ ಗೌರವ ಪಡೆದ ಮೊದಲ ಫುಟ್ಬಾಲ್ ಆಟಗಾರ ಅವರು. ಏಪ್ರಿಲ್ 28ರ ಬೀಳ್ಕೊಡುಗೆ ಪಂದ್ಯಕ್ಕೆ ಯಾಶಿನ್, ಪುಸ್ಕಾಸ್, ಡಿ ಸ್ಟೆಫಾನೋ ಮುಂತಾದ ದಿಗ್ಗಜರು ಬಂದಿದ್ದರು. ಆದರೂ 50ಕ್ಕೇ ನಿಲ್ಲಿಸಿದ್ದು ಅವಸರವಾಯಿತು, ಇನ್ನೆರಡು ವರ್ಷ ಆಡಬಹುದಿತ್ತು ಎಂದು ಅವರಿಗೆ ಆಮೇಲೆ ಅನ್ನಿಸಿತ್ತು.

ಪದಕದಾಚೆಗೆ

ಆಟ ನಿಂತ ಮೇಲಿನ ಬದುಕು ಎಲ್ಲವೂ ಗೆಲುವಾಗಿರಲಿಲ್ಲ. ಪಕ್ಕದ ಪೋರ್ಟ್ ವೇಲ್ ಕ್ಲಬ್ಬಿನ ವ್ಯವಸ್ಥಾಪಕರಾಗಿ ಅವರು ಯಶಸ್ಸು ಕಾಣಲಿಲ್ಲ. ಆಟಗಾರರಿಗೆ ನಿಯಮಬಾಹಿರವಾಗಿ ಹಣ ಕೊಟ್ಟ ಕಾರಣಕ್ಕೆ 1968ರಲ್ಲಿ ಆ ಕ್ಲಬ್ ಶಿಕ್ಷೆಗೊಳಗಾಯಿತು, ಅವರು ಹೊರಬಂದರು. ಮೊದಲ ವಿವಾಹವೂ ಮುರಿದುಬಿತ್ತು. ನಂತರ ಮಿಲಾ ಅವರೊಂದಿಗೆ ಮಾಲ್ಟಾ ದ್ವೀಪದಲ್ಲಿ ಹಲವು ವರ್ಷ ನೆಲೆಸಿದರು. ಮೈದಾನದಲ್ಲಿ ಒಮ್ಮೆಯೂ ತಪ್ಪು ಹೆಜ್ಜೆ ಇಡದವರೂ ಮನೆಯಲ್ಲಿ, ಕಚೇರಿಯಲ್ಲಿ ಎಡವುತ್ತಾರೆ. ಒಂದು ಕೆಲಸಕ್ಕೆ ಇಡೀ ಬದುಕನ್ನು ಕೊಟ್ಟವರು ಬೇರೆ ಕಡೆ ಬೆಲೆ ತೆರುವುದುಂಟು. ಇದನ್ನು ಮುಚ್ಚಿಟ್ಟರೆ ಅವರ ಕಥೆ ಅರ್ಧವಾಗುತ್ತದೆ.

ಆದರೆ ಅವರ ಬದುಕಿನ ಇನ್ನೊಂದು ಪುಟ ನಮ್ಮ ಮನಸ್ಸನ್ನು ಹೆಚ್ಚು ತಟ್ಟುತ್ತದೆ. 1953ರಿಂದಲೇ ಅವರು ಬೇಸಿಗೆಯ ಬಿಡುವಿನಲ್ಲಿ ಆಫ್ರಿಕಾಕ್ಕೆ ಹೋಗಿ ಬಡ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಇಂಗ್ಲೆಂಡಿನ ಇತರ ಆಟಗಾರರು ವಿಶ್ರಾಂತಿ ಪಡೆಯುವ ತಿಂಗಳುಗಳವು. 1957ರಲ್ಲಿ, ಘಾನಾ ಸ್ವತಂತ್ರವಾದ ವರ್ಷವೇ, ಅಲ್ಲಿಗೆ ಹೋಗಿ ಆಡಿದರು. ವರ್ಣಭೇದ ನೀತಿ ಬಲವಾಗಿದ್ದ ದಕ್ಷಿಣ ಆಫ್ರಿಕಾದ ಸೊವೆಟೋದಲ್ಲಿ ಕರಿಯ ಶಾಲಾ ಬಾಲಕರ ತಂಡ ಕಟ್ಟಿದರು. ಅದಕ್ಕೆ ಸರ್ ಸ್ಟ್ಯಾನ್ಸ್ ಮೆನ್ ಎಂಬ ಹೆಸರು. 1975ರಲ್ಲಿ, ತಮ್ಮ 60ನೇ ವಯಸ್ಸಿನಲ್ಲಿ, ಆ ಹುಡುಗರನ್ನು ಬ್ರೆಜಿಲ್‌ಗೆ ಕರೆದುಕೊಂಡು ಹೋದರು. ತಮ್ಮ ಊರಿನ ರಸ್ತೆಯಲ್ಲೇ ಸ್ವತಂತ್ರವಾಗಿ ಓಡಾಡಲಾಗದ ಮಕ್ಕಳು ಸಮುದ್ರ ದಾಟಿ, ಫುಟ್ಬಾಲಿನ ನಾಡಿನಲ್ಲಿ ಅತಿಥಿಗಳಾಗಿ ನಡೆದರು. ಇದರಿಂದ ಮ್ಯಾಥ್ಯೂಸರಿಗೆ ಯಾವ ಪದಕವೂ ಬರಲಿಲ್ಲ.

2000ದ ಫೆಬ್ರವರಿ 23ರಂದು, 85ನೇ ವಯಸ್ಸಿನಲ್ಲಿ, ಸರ್ ಸ್ಟ್ಯಾನ್ಲಿ ತೀರಿಕೊಂಡರು. ಅವರ ಅಂತ್ಯಯಾತ್ರೆಯ ದಿನ ಸ್ಟೋಕ್ ನಗರದ ಬೀದಿಗಳಲ್ಲಿ ಸುಮಾರು ಒಂದು ಲಕ್ಷ ಜನ ಸಾಲುಗಟ್ಟಿ ನಿಂತಿದ್ದರು. ಸ್ಟೋಕ್ ಸಿಟಿಯ ಹೊಸ ಮೈದಾನದ ನಡು ವೃತ್ತದ ಕೆಳಗೆ ಅವರ ಚಿತಾಭಸ್ಮವನ್ನು ಇಡಲಾಗಿದೆ.

ಪ್ರಿಯ ಓದುಗರೇ, ದೊಡ್ಡವರ ಕಥೆ ಓದುವಾಗ ಅವರಿಗೆ ಹುಟ್ಟಿನಿಂದಲೇ ವರವಿತ್ತು ಎಂದು ಹೇಳಿ ನಾವು ಸುಲಭವಾಗಿ ಕೈತೊಳೆದುಕೊಳ್ಳುತ್ತೇವೆ. ಮ್ಯಾಥ್ಯೂಸರಿಗೂ ಅಪರೂಪದ ಪ್ರತಿಭೆ ಇತ್ತು, ನಿಜ. ಆದರೆ ಪ್ರತಿಭೆ ಮಾತ್ರ ಇದ್ದಿದ್ದರೆ ಅದು 32ಕ್ಕೆ ಮುಗಿಯುತ್ತಿತ್ತು. ಯುದ್ಧ ಕಸಿದುಕೊಂಡ ಏಳು ವರ್ಷಗಳನ್ನು ಅವರಿಗೆ ಮರಳಿಸಿದ್ದು ತಂದೆ ಕಲಿಸಿದ ಮುಂಜಾನೆಯ ಅಭ್ಯಾಸ. ಯಾರೂ ನೋಡದಿರುವಾಗ, ಯಾರೂ ಹೊಗಳದಿರುವಾಗ, ಸಂಬಳ ಏರದಿರುವಾಗಲೂ ಅದೇ ಕೆಲಸವನ್ನು ಅಷ್ಟೇ ಅಚ್ಚುಕಟ್ಟಾಗಿ ಮಾಡುವುದು ಸುಲಭವಲ್ಲ. ನಮ್ಮ ಊರಿನ ಮೈದಾನದಲ್ಲಿ ಸಂಜೆ ಚೆಂಡು ಒದೆಯುವ ಹುಡುಗರಿಗೂ, ನಲವತ್ತು ದಾಟಿ ಇನ್ನು ನನ್ನಿಂದೇನು ಎಂದುಕೊಳ್ಳುವ ನಮಗೂ ಈ ಬದುಕು ಧೈರ್ಯ ಕೊಡಲಿ.